ಕಂಟೇನರ್‌ನಲ್ಲಿ ಜಾಗ ಉಳಿದರೆ ಖುಷಿ ಪಡಬೇಡಿ

ಲೋಡಿಂಗ್ ಮುಗಿಸಿ, ಬೆವರು ಒರೆಸಿಕೊಂಡು, ಕಂಟೇನರ್ ಒಳಗೊಮ್ಮೆ ಇಣುಕಿ ಮನೆಯವರು ಹೇಳುತ್ತಾರೆ: "ಅಬ್ಬ, ಇನ್ನೂ ಎಷ್ಟೊಂದು ಜಾಗ ಉಳಿದಿದೆ ನೋಡಿ ಸಾರ್!" ಅವರಿಗೆ ಖುಷಿ, ನನಗೆ ಕಳವಳ. ಮನೆ ಸಾಗಿಸುವ ಕೆಲಸದಲ್ಲಿ ನಾನು ತುಂಬಾ ಕಂಟೇನರ್‌ಗಳ ಬಾಗಿಲು ತೆಗೆದಿದ್ದೇನೆ. ಒಡೆದ ಸಾಮಾನಿನ ಪಕ್ಕದಲ್ಲಿ ಹುಡುಕಿದರೆ ಹೆಚ್ಚಿನ ಸಲ ಒಂದು ಖಾಲಿ ಜಾಗ ಸಿಕ್ಕೇ ಸಿಗುತ್ತದೆ.

ಗೊತ್ತಿಲ್ಲದವರಿಗೆ ಈ ಪದ್ಧತಿ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಕಂಪನಿಯವರು ದೊಡ್ಡ ಪೆಟ್ಟಿಗೆಯೊಂದನ್ನು ತಂದು ಮನೆ ಮುಂದೆ ಇಳಿಸಿ ಹೋಗುತ್ತಾರೆ. ನೀವು ಬಿಡುವಾದಾಗ ಸಾಮಾನು ತುಂಬಿ, ಬೀಗ ಹಾಕಿ, ಫೋನ್ ಮಾಡುತ್ತೀರಿ. ಅವರು ಬಂದು ಪೆಟ್ಟಿಗೆಯನ್ನು ಹಾಗೇ ಎತ್ತಿಕೊಂಡು ಹೊಸ ಊರಿಗೆ ಸಾಗಿಸುತ್ತಾರೆ. ಹೊಸ ಮನೆ ಇನ್ನೂ ಸಿದ್ಧವಾಗಿಲ್ಲವೆಂದರೆ ಅವರ ಗೋದಾಮಿನಲ್ಲಿ ವಾರವೋ ತಿಂಗಳೋ ಇಟ್ಟುಕೊಂಡು, ನೀವು ಹೇಳಿದ ದಿನ ತಂದಿಳಿಸುತ್ತಾರೆ.

ಉಪಾಯ ಹಳೆಯದು. 1956ರ ಏಪ್ರಿಲ್‌ನಲ್ಲಿ ಮಾಲ್ಕಮ್ ಮೆಕ್ಲೀನ್ ಎಂಬ ಲಾರಿ ಮಾಲೀಕರು ಐಡಿಯಲ್ ಎಕ್ಸ್ ಎಂಬ ಹಡಗಿನಲ್ಲಿ 58 ಕಂಟೇನರ್‌ಗಳನ್ನು ಅಮೆರಿಕದ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದರು. ಒಳಗಿನ ಸರಕು ಮುಟ್ಟಬೇಡಿ, ಪೆಟ್ಟಿಗೆಯನ್ನೇ ಎತ್ತಿಡಿ. ಅಷ್ಟೇ ಅವರ ತಲೆಯಲ್ಲಿದ್ದದ್ದು. ಅದನ್ನೇ ಮನೆ ಬಾಗಿಲಿಗೆ ತಂದವರಲ್ಲಿ 1998ರಲ್ಲಿ ಫ್ಲೋರಿಡಾದಲ್ಲಿ ಶುರುವಾದ ಪಾಡ್ಸ್ ಕಂಪನಿ ಹೆಸರಾಯಿತು. ಪೆಟ್ಟಿಗೆಯನ್ನು ವಾಲಿಸದೆ, ನೆಲಕ್ಕೆ ಸಮನಾಗಿ ಎತ್ತುವ ಹೈಡ್ರಾಲಿಕ್ ಚೌಕಟ್ಟನ್ನು ಅವರು ಬಳಕೆಗೆ ತಂದರು.

ದೂರದ ಸಾಗಣೆಯಲ್ಲಿ ಮಾಮೂಲಿ ಲಾರಿಯಾದರೆ ಸಾಮಾನು ಎಷ್ಟೋ ಸಲ ನಡುದಾರಿಯಲ್ಲಿ ಇನ್ನೊಂದು ಲಾರಿಗೆ ಬದಲಾಗುತ್ತದೆ. ಎತ್ತಿ ಇಳಿಸಿದಷ್ಟು ಸಲವೂ ಒಂದು ಮೂಲೆ ನಜ್ಜಾಗುತ್ತದೆ. ಇಲ್ಲಿ ಹಾಗಿಲ್ಲ. ನೀವು ತುಂಬಿದ್ದನ್ನು ನೀವೇ ತೆಗೆಯುತ್ತೀರಿ. ಆದರೆ ತುಂಬುವಾಗ ತಪ್ಪು ಮಾಡಿದ್ದರೆ ಅದೂ ಒಳಗೇ ಕೂತು ದಾರಿಯುದ್ದಕ್ಕೂ ಬರುತ್ತದೆ. ನಡುವೆ ಬಾಗಿಲು ತೆಗೆದು ನೋಡುವವರು ಯಾರೂ ಇಲ್ಲ.

ಈಗ ಖಾಲಿ ಜಾಗದ ವಿಷಯಕ್ಕೆ ಬರೋಣ. ಬಸ್ಸು ಕಿಕ್ಕಿರಿದಿದ್ದಾಗ ಡ್ರೈವರ್ ಬ್ರೇಕ್ ಒತ್ತಿದರೆ ಯಾರೂ ಬೀಳುವುದಿಲ್ಲ. ಬಿದ್ದರೂ ಎಲ್ಲಿಗೆ ಬೀಳುತ್ತಾರೆ? ಅದೇ ಬಸ್ಸು ಖಾಲಿಯಿದ್ದಾಗ ನಡುವೆ ಒಬ್ಬ ನಿಂತಿದ್ದರೆ ಸೀದಾ ಡ್ರೈವರ್ ಪಕ್ಕಕ್ಕೆ ಹೋಗಿ ಬೀಳುತ್ತಾನೆ. ನಿಮ್ಮ ಫ್ರಿಜ್ಜಿನ ಕಥೆಯೂ ಇದೇ. ಸರಕು ಸಾಗಣೆಗೆ ಸಿಟಿಯು ಕೋಡ್ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಇದೆ, 2014ರದು. ಅದರ ಪ್ರಕಾರ ರಸ್ತೆಯಲ್ಲಿ ಹೋಗುವ ಸಾಮಾನು ತನ್ನ ತೂಕದ 0.8ರಷ್ಟು ಬಲದಿಂದ ಮುಂದಕ್ಕೂ, ಅರ್ಧದಷ್ಟು ಬಲದಿಂದ ಅಕ್ಕಪಕ್ಕಕ್ಕೂ ಹಿಂದಕ್ಕೂ ನುಗ್ಗಬಹುದು ಎಂದುಕೊಂಡೇ ಕಟ್ಟಬೇಕು. ಅಂದರೆ 100 ಕಿಲೋ ಬೀರು ಗಟ್ಟಿ ಬ್ರೇಕ್ ಬಿದ್ದಾಗ 80 ಕಿಲೋ ಭಾರದಷ್ಟು ಮುಂದಕ್ಕೆ ಒತ್ತುತ್ತದೆ. ಮುಂದೆ ಏನಾದರೂ ತಾಗಿಕೊಂಡಿದ್ದರೆ ಬರೀ ಒತ್ತುತ್ತದೆ. ಒಂದು ಗೇಣು ಜಾಗವಿದ್ದರೆ ಅಷ್ಟರಲ್ಲೇ ವೇಗ ಹಿಡಿದು ಗುದ್ದುತ್ತದೆ.

ಹಾಗಾಗಿ ಕಂಟೇನರ್ ತುಂಬುವುದನ್ನು ನಾವು ಗೋಡೆ ಕಟ್ಟುವುದು ಅಂತಲೇ ಹೇಳುತ್ತೇವೆ. ಒಳಗಿನ ತುದಿಯಿಂದ ಶುರು. ಎರಡು ಮೂರು ಅಡಿ ಆಳದ ಒಂದು ಪಟ್ಟಿ ತೆಗೆದುಕೊಂಡು, ನೆಲದಿಂದ ಮೇಲಿನವರೆಗೂ ತುಂಬಿ, ಬೆಲ್ಟ್ ಹಾಕಿ ಬಿಗಿದು, ಆಮೇಲೆ ಮುಂದಿನ ಪಟ್ಟಿಗೆ ಹೋಗಬೇಕು. ಕೆಳಗೆ ಭಾರದ್ದು, ಮೇಲೆ ಹಗುರದ್ದು. ಸೋಫಾ ಬಿಗಿ ಚೌಕಟ್ಟಿನದಾದರೆ ನಿಲ್ಲಿಸಿಬಿಡಿ, ಅರ್ಧ ಜಾಗ ಉಳಿಯುತ್ತದೆ. ಮೇಜಿನ ಕಾಲು ಬಿಚ್ಚಿ. ದಿಂಬು, ಹೊದಿಕೆ, ಬಟ್ಟೆ ಎಲ್ಲ ದೊಡ್ಡ ಚೀಲಗಳಿಗೆ ಹಾಕಿ ಸಂದುಗೊಂದುಗಳಿಗೆ ತುರುಕಿ. ಅವು ಈಗ ಬಟ್ಟೆಯಲ್ಲ, ಗಾರೆ!

ಎಡಬಲ ತೂಕ ಮರೆಯಬೇಡಿ. ಫ್ರಿಜ್ಜು, ವಾಷಿಂಗ್ ಮೆಷಿನ್, ಪುಸ್ತಕ ಎಲ್ಲವೂ ಒಂದೇ ಪಕ್ಕಕ್ಕೆ ಸೇರಿದರೆ ಪೆಟ್ಟಿಗೆ ಎತ್ತುವಾಗಲೇ ವಾಲುತ್ತದೆ. ಹೊರಗಿನಿಂದ ನೋಡುವ ಡ್ರೈವರ್‌ಗೆ ಒಳಗೆ ಏನು ಎಲ್ಲಿದೆ ಅಂತ ಹೇಗೆ ಗೊತ್ತಾಗಬೇಕು, ಅಲ್ವಾ?

ಕನ್ನಡಿಯನ್ನು ಮಲಗಿಸಿ ಇಡುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಜುಂ ಅನ್ನುತ್ತದೆ. ಗಾಜು ಅಂಚಿನ ಮೇಲೆ ನಿಂತಾಗ ಗಟ್ಟಿ, ಮಲಗಿದಾಗ ಮೇಲೆ ಒಂದು ಡಬ್ಬ ಬಿದ್ದರೂ ಸಾಕು. ಎರಡು ಹಾಸಿಗೆಗಳ ನಡುವೆ ನಿಲ್ಲಿಸಿದರೆ ಅದಕ್ಕಿಂತ ಸುಖದ ಜಾಗವಿಲ್ಲ. ರಟ್ಟಿನ ಡಬ್ಬಗಳು ಒಂದೇ ಅಳತೆಯವಾದರೆ ಕಟ್ಟೆ ಗಟ್ಟಿ ನಿಲ್ಲುತ್ತದೆ. ಅರ್ಧ ತುಂಬಿದ ಡಬ್ಬ ಮೇಲಿನ ಭಾರಕ್ಕೆ ಕುಸಿಯುತ್ತದೆ, ಆಗ ಅದರ ಮೇಲೆ ಹೊಸದೊಂದು ಖಾಲಿ ಜಾಗ ಹುಟ್ಟುತ್ತದೆ. ಪುಸ್ತಕಕ್ಕೆ ಚಿಕ್ಕ ಡಬ್ಬ. 40 ಲೀಟರ್ ಹಿಡಿಸುವ ಡಬ್ಬದಲ್ಲೇ ಪುಸ್ತಕ ಸುಲಭವಾಗಿ 20 ಕಿಲೋ ಆಗುತ್ತದೆ. ದೊಡ್ಡದಕ್ಕೆ ತುಂಬಿದರೆ ಎತ್ತುವವರ ಸೊಂಟವೋ ಡಬ್ಬದ ತಳವೋ, ಒಂದು ಹೋಗುತ್ತದೆ.

ಇಷ್ಟಾದ ಮೇಲೂ ಮೂರನೇ ಒಂದು ಭಾಗ ಖಾಲಿ ಉಳಿದರೆ? ಕೊನೆಯ ಸಾಲನ್ನು ಎತ್ತರದ ಗೋಡೆಯಾಗಿ ಬಿಡಬೇಡಿ. ಮೆಟ್ಟಿಲಿನ ಹಾಗೆ ಇಳಿಸುತ್ತಾ ಬಂದು, ಪ್ಲೈವುಡ್ ಹಲಗೆ ಅಡ್ಡ ನಿಲ್ಲಿಸಿ, ಬೆಲ್ಟ್ ಬಿಗಿಯಿರಿ. ಅದಕ್ಕಿಂತ ಒಳ್ಳೆಯದು ಮೊದಲೇ ಚಿಕ್ಕ ಕಂಟೇನರ್ ತರಿಸುವುದು. ಸಾಮಾನ್ಯವಾಗಿ 8, 12, 16 ಅಡಿ ಉದ್ದದವು ಸಿಗುತ್ತವೆ. ಜನ ಹೆದರಿ ದೊಡ್ಡದನ್ನೇ ಕೇಳುತ್ತಾರೆ. ಅದರಲ್ಲೊಂದು ಕೊಕ್ಕೆ ಇದೆ. ಕೆಲವು ಕಂಪನಿಗಳಲ್ಲಿ ದೊಡ್ಡ ಕಂಟೇನರ್‌ಗೆ ಚಿಕ್ಕದಕ್ಕಿಂತ ಕಡಿಮೆ ತೂಕ ತುಂಬಲು ಮಾತ್ರ ಅನುಮತಿ. ದೊಡ್ಡ ಪೆಟ್ಟಿಗೆಯ ಸ್ವಂತ ತೂಕವೇ ಜಾಸ್ತಿ, ಎತ್ತುವ ಯಂತ್ರದ ಶಕ್ತಿ ಮಾತ್ರ ಅಷ್ಟೇ. ಪುಸ್ತಕ, ಕಬ್ಬಿಣದ ಸಾಮಾನು ಜಾಸ್ತಿ ಇರುವವರು ಅಡಿ ಲೆಕ್ಕಕ್ಕಿಂತ ಮೊದಲು ಕಿಲೋ ಲೆಕ್ಕ ಕೇಳಲಿ.

ಇನ್ನು ತೇವ. ಇದನ್ನು ನಾನು ಪಾಠ ಕೇಳಿ ಕಲಿಯಲಿಲ್ಲ. ನನ್ನದೇ ಮನೆ ಸಾಗಿಸುವಾಗ ಕಲಿತೆ. ಊರಿಗೆಲ್ಲ ಬುದ್ಧಿ ಹೇಳುವವನು ನನ್ನ ವಾಷಿಂಗ್ ಮೆಷಿನ್ನಿನ ಪಂಪಿನಲ್ಲಿ ನಿಂತಿದ್ದ ನೀರು ಬಸಿಯಲಿಲ್ಲ. ಹೆಚ್ಚೆಂದರೆ ಒಂದೆರಡು ಲೋಟ. ಕಂಟೇನರ್ ಐದು ವಾರ ಗೋದಾಮಿನ ಅಂಗಳದಲ್ಲಿ ಬಿಸಿಲಲ್ಲಿ ನಿಂತಿತ್ತು. ಬಾಗಿಲು ತೆಗೆದ ಕೂಡಲೇ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಕೆಳಸಾಲಿನ ಡಬ್ಬಕ್ಕೆ ಬೆರಳಿಟ್ಟರೆ ಬೆರಳು ಒಳಗೇ ಹೋಯಿತು. ಮರದ ಬೀರುವಿನ ಬೆನ್ನಿನಲ್ಲಿ ಸಾಸಿವೆ ಎರಚಿದ ಹಾಗೆ ಕಪ್ಪು ಚುಕ್ಕೆಗಳು. ಚರ್ಮದ ಶೂಗಳಿಗೆ ಬಿಳಿ ಬೂಸ್ಟು ಕೂದಲಿನಂತೆ ಎದ್ದಿತ್ತು. ಹೆಂಡತಿ ಏನೂ ಮಾತಾಡಲಿಲ್ಲ. ಶೂಗಳನ್ನು ನನ್ನ ಮುಂದೆ ತಂದಿಟ್ಟು ಹೋದಳು.

ಆಗುವುದಿಷ್ಟು. ಹಗಲು ಪೆಟ್ಟಿಗೆ ಕಾಯುತ್ತದೆ, ಒಳಗಿನ ಬಿಸಿಗಾಳಿ ಮರ, ರಟ್ಟು, ಬಟ್ಟೆಯಿಂದೆಲ್ಲ ತೇವ ಹೀರಿಕೊಳ್ಳುತ್ತದೆ. ರಾತ್ರಿ ಲೋಹದ ಚಾವಣಿ ತಣ್ಣಗಾದಾಗ ತಣ್ಣೀರಿನ ಲೋಟದ ಹೊರಮೈಯಲ್ಲಿ ಹನಿ ಕೂರುವಂತೆ ಅಲ್ಲಿ ಹನಿ ಕೂರುತ್ತದೆ. ಕೂತದ್ದು ಸಾಮಾನಿನ ಮೇಲೆ ತೊಟ್ಟಿಕ್ಕುತ್ತದೆ. ಹಡಗಿನವರು ಇದಕ್ಕೆ ಕಂಟೇನರ್ ಮಳೆ ಅಂತಲೇ ಹೆಸರಿಟ್ಟಿದ್ದಾರೆ. ಹೊರಗೆ ಒಂದು ಹನಿ ಮಳೆಯಿಲ್ಲದಿದ್ದರೂ ಒಳಗೆ ಮಳೆ.

ಖಾಲಿ ಜಾಗ ಬೇಡ ಅಂದೆ, ಆದರೆ ಇಲ್ಲೊಂದು ವಿನಾಯಿತಿ. ಚಾವಣಿಯ ಕೆಳಗೆ ನಾಲ್ಕು ಬೆರಳು ಬಿಡಿ, ಮೇಲೆ ಹಳೇ ಹತ್ತಿ ಬೆಡ್‌ಶೀಟ್ ಹೊದಿಸಿ, ಹನಿ ಅದರ ಮೇಲೆ ಬೀಳಲಿ. ನೆಲಕ್ಕೆ ಮರದ ಪ್ಯಾಲೆಟ್ ಹಾಕಿದರೆ ಒಳ್ಳೆಯದು, ಅದೂ ಚೆನ್ನಾಗಿ ಒಣಗಿದ್ದೇ ಆಗಬೇಕು. ಮರ, ಚರ್ಮಕ್ಕೆ ನೇರವಾಗಿ ಪ್ಲಾಸ್ಟಿಕ್ ಸುತ್ತಬೇಡಿ, ತೇವ ಒಳಗೇ ಬೆವರುತ್ತದೆ. ಮೊದಲು ಕಂಬಳಿ, ಅದರ ಮೇಲೆ ಪ್ಲಾಸ್ಟಿಕ್. ಶೂ ಡಬ್ಬದಲ್ಲಿ ಬರುವ, ತೇವ ಹೀರುವ ಪುಟ್ಟ ಸಿಲಿಕಾ ಪೊಟ್ಟಣಗಳನ್ನು ಕೂಡಿಟ್ಟು ತರುವವರಿದ್ದಾರೆ. ಪಾಪ, ಅವು ಇಷ್ಟು ದೊಡ್ಡ ಪೆಟ್ಟಿಗೆಗೆ ಯಾವ ಮೂಲೆಗೂ ಸಾಲವು. ಕಂಟೇನರ್‌ಗೆಂದೇ ಸಿಗುವ ಕ್ಯಾಲ್ಸಿಯಂ ಕ್ಲೋರೈಡ್ ಚೀಲಗಳನ್ನು ನೇತುಹಾಕಿ.

ಫ್ರಿಜ್ಜನ್ನು ಒಂದು ದಿನ ಮೊದಲೇ ಆಫ್ ಮಾಡಿ, ಬಾಗಿಲು ತೆರೆದಿಟ್ಟು ಒಣಗಿಸಿ. ಸಾಗಿಸುವಾಗಲೂ ಬಾಗಿಲ ಸಂದಿಗೆ ಮಡಿಚಿದ ಬಟ್ಟೆ ಕೊಟ್ಟು ಕಟ್ಟಿ, ಪೂರ್ತಿ ಮುಚ್ಚಿದರೆ ಒಳಗೆ ಬೂಸ್ಟು. ಮುಂದೆ ಬಾಗಿಲಿರುವ ವಾಷಿಂಗ್ ಮೆಷಿನ್‌ಗೆ ಕೊಂಡಾಗ ಹಿಂದೆ ಉದ್ದನೆಯ ಬೋಲ್ಟ್‌ಗಳಿದ್ದವು, ನೆನಪಿದೆಯಾ? ಡ್ರಮ್ ಅಲ್ಲಾಡದಂತೆ ಹಿಡಿಯುವುದು ಅವೇ. ಅವನ್ನು ಮತ್ತೆ ಹಾಕದೆ ದೂರ ಸಾಗಿಸಿದರೆ ಮೆಷಿನ್ ಆಮೇಲೆ ಕುಣಿಯುತ್ತದೆ.

ಗ್ಯಾಸ್ ಸಿಲಿಂಡರ್, ಪೆಟ್ರೋಲ್, ಬಣ್ಣ, ಸ್ಪ್ರೇ ಡಬ್ಬಿ ಯಾವುದನ್ನೂ ಒಳಗಿಡುವಂತಿಲ್ಲ. ಊಟದ ಸಾಮಾನೂ ಬೇಡ, ಇರುವೆ ಇಲಿಗೆ ಆಹ್ವಾನ. ಬಿಸಿಲಲ್ಲಿ ನಿಂತ ಮುಚ್ಚಿದ ಪೆಟ್ಟಿಗೆಯೊಳಗೆ 50 ಡಿಗ್ರಿ ದಾಟಬಹುದು. ಔಷಧಿ, ಮೇಣದಬತ್ತಿ, ಹಳೇ ಗ್ರಾಮಫೋನ್ ರೆಕಾರ್ಡು, ಫೋಟೋ ಆಲ್ಬಮ್ ನಿಮ್ಮ ಜೊತೆಗೇ ಬರಲಿ. ಕಾಗದಪತ್ರ, ಒಡವೆ ಬಗ್ಗೆ ಹೇಳಬೇಕಾಗಿಯೇ ಇಲ್ಲ.

ಇಳಿಸುವ ಜಾಗವನ್ನು ಟೇಪ್ ಹಿಡಿದು ಅಳೆಯಿರಿ. ಲಾರಿಗೂ ಎತ್ತುವ ಯಂತ್ರಕ್ಕೂ ಸುಮಾರು 12 ಅಡಿ ಅಗಲ, 15 ಅಡಿ ಎತ್ತರ ಬೇಕಾಗಬಹುದು. ಮೇಲೆ ತಂತಿ, ಕೊಂಬೆ ಇದೆಯಾ ನೋಡಿ. ನೆಲ ಮಟ್ಟವಾಗಿರಲಿ. ಬಾಗಿಲು ಮನೆ ಕಡೆಗಿರಬೇಕು ಅಂತ ಡ್ರೈವರ್ ಬಂದ ತಕ್ಷಣ ಹೇಳಿ. ಇಳಿಸಿದ ಮೇಲೆ ತಿರುಗಿಸಿಕೊಡಿ ಅಂದರೆ ಯಾರಿಗೂ ಸಂತೋಷವಾಗುವುದಿಲ್ಲ. ಬೀದಿಯಲ್ಲಿ ನಿಲ್ಲಿಸುವುದಾದರೆ ಅನುಮತಿ ಬೇಕೇ ಎಂದು ಮೊದಲೇ ವಿಚಾರಿಸಿ.

ವಿಮೆಯ ಕಾಗದವನ್ನು ದಯವಿಟ್ಟು ಓದಿ. ಮಾಲೀಕರೇ ತುಂಬಿದ ಸಾಮಾನು ಸರಿಯಾಗಿ ಕಟ್ಟದ್ದರಿಂದ ಒಡೆದರೆ ಅದು ತಮ್ಮ ಹೊಣೆಯಲ್ಲ ಎಂಬ ಸಾಲು ಬಹಳ ಕಡೆ ಇರುತ್ತದೆ. ಪ್ರತಿ ಪಟ್ಟಿ ಮುಗಿದಾಗ ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಬೆಲ್ಟ್ ಬಿಗಿದದ್ದು ಕಾಣುವಂತಿರಲಿ.

ಬೀಗ ಹೆಚ್ಚಾಗಿ ನಿಮ್ಮದೇ. ಒಬ್ಬರು ಒಳ್ಳೆಯ ಗಟ್ಟಿ ಬೀಗ ತಂದಿದ್ದರು, ಎರಡು ಕೀಲಿ. ಒಂದನ್ನು ಜೋಪಾನವಾಗಿ ಮೇಜಿನ ಡ್ರಾಯರ್‌ನಲ್ಲಿಟ್ಟರು, ಮೇಜು ಕಂಟೇನರ್‌ನೊಳಗೆ ಹೋಯಿತು. ಇನ್ನೊಂದು ದಾರಿಯಲ್ಲಿ ಕಳೆಯಿತು. ಹೊಸ ಮನೆ ಮುಂದೆ ಬೀಗ ಕೊಯ್ಯುವ ಗರಗಸಕ್ಕಾಗಿ ಅರ್ಧ ದಿನ ಕಾದರು. ಅವರಿಗಿಂತ ಜಾಸ್ತಿ ಬೇಜಾರಾಗಿದ್ದು ನನಗೆ. ಆ ಡ್ರಾಯರ್‌ಗೆ ಟೇಪ್ ಅಂಟಿಸಿದವನು ನಾನೇ!

ಎಲ್ಲರಿಗೂ ಇದು ಹೊಂದುವುದಿಲ್ಲ. ಲಿಫ್ಟಿಲ್ಲದ ನಾಲ್ಕನೇ ಮಹಡಿ, ಲಾರಿ ಬಾರದ ಓಣಿ, ಪಿಯಾನೋದಂಥ ಭಾರದ ಸೂಕ್ಷ್ಮ ವಸ್ತು ಇದ್ದರೆ ತುಂಬಿಕೊಡುವ ಆಳುಗಳ ಸಮೇತ ಲಾರಿಯೇ ವಾಸಿ. ನಾಳೆಯೇ ಸಾಮಾನು ಬೇಕೆನ್ನುವವರಿಗೂ ಬೇಡ. ಪೆಟ್ಟಿಗೆ ಗೋದಾಮು ಹೊಕ್ಕು, ಸರದಿ ಕಾದು ಬರುವಷ್ಟರಲ್ಲಿ ವಾರ ದಾಟುವುದು ಮಾಮೂಲು. ಎರಡು ಊರಿನ ನಡುವೆ ದಿನಾಂಕ ಹೊಂದದವರಿಗೆ, ನಿಧಾನವಾಗಿ ಮನೆ ಖಾಲಿ ಮಾಡುವವರಿಗೆ ಇದರಷ್ಟು ಆರಾಮ ಬೇರೆ ಕಾಣೆ.

ಹೊಸ ಮನೆಯಲ್ಲಿ ಬಾಗಿಲು ತೆಗೆಯುವಾಗ ಎದುರಿಗೆ ನಿಲ್ಲಬೇಡಿ, ಮಕ್ಕಳನ್ನು ದೂರ ಕಳಿಸಿ. ಎರಡು ರೆಕ್ಕೆಯ ಬಾಗಿಲಾದರೆ ಮೊದಲು ಒಂದನ್ನೇ, ಅಂಗೈಯಗಲ ತೆಗೆದು, ಅದರ ಹಿಂದೆಯೇ ನಿಂತು ಕಿವಿಗೊಡಿ. ಸುತ್ತಿಕೊಳ್ಳುವ ಬಾಗಿಲಾದರೆ ಗೇಣೆತ್ತರ ಎತ್ತಿ ಇಣುಕಿ. ಒಳಗೆ ಏನೋ ಸರಿದ ಸದ್ದು ಬಂದರೆ ಅಲ್ಲೇ ನಿಲ್ಲಿಸಿ, ಕೈ ತೂರಿಸಿ ಹಿಡಿಯಲು ಹೋಗಬೇಡಿ. ಇನ್ನೊಬ್ಬರನ್ನು ಕರೆದುಕೊಳ್ಳಿ. ಏನೂ ಸದ್ದಿಲ್ಲ, ಕೊನೆಯ ಬೆಲ್ಟ್ ಇನ್ನೂ ಬಿಗಿಯಾಗಿದೆ ಅಂದರೆ ಪೂರ್ತಿ ತೆಗೆದು, ಮೊದಲು ಹಾಸಿಗೆ ಇಳಿಸಿಕೊಳ್ಳಿ. ರಾತ್ರಿ ಮಲಗಬೇಕಲ್ಲ.