ಯೆಶಾಯ 7:14, ಮತ್ತಾಯ 1:23: ಕನ್ನಿಕೆಯ ಮಗನ ಬಗ್ಗೆ ನಮ್ಮ ಅನುಮಾನಗಳು

ಕ್ರಿಸ್ಮಸ್ ಹತ್ತಿರ ಬಂದಂತೆ ನಮ್ಮ ರಾಯಚೂರಿನ ಬೈಬಲ್ ಅಧ್ಯಯನದಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. 'ಕನ್ನಿಕೆ ಗರ್ಭಿಣಿಯಾಗಿ ಮಗನನ್ನು ಹೆತ್ತು ಅವನಿಗೆ ಇಮ್ಮಾನುವೇಲ (ದೇವರು ನಮ್ಮ ಕೂಡ) ಎಂದು ಹೆಸರಿಡುವಳು' ಎಂಬ ಪ್ರವಾದಿ ಯೆಶಾಯನ ಮಾತನ್ನು ಮತ್ತಾಯ ಯೇಸುವಿನ ಹುಟ್ಟಿಗೆ ಹೊಂದಿಸುತ್ತಾನೆ. ಯೆಶಾಯ 7:14 ನಿಜವಾಗಿಯೂ ಯೇಸುವಿನ ಬಗ್ಗೆ ಹೇಳಿದ್ದಾ? ಇಲ್ಲ ಅಂದರೆ ಕನ್ನಿಕೆಯಲ್ಲಿ ಹುಟ್ಟಿದ ಅನ್ನೋ ನಂಬಿಕೆ ಯಾವುದರ ಮೇಲೆ ನಿಂತಿದೆ? ಕಾಲೇಜಿಗೆ ಹೋಗುವ ಮಕ್ಕಳು ಇದನ್ನು ಕೇಳುವಾಗ ಅಳುಕುತ್ತಾರೆ. ಅಳುಕಬೇಕಿಲ್ಲ. ಎರಡನೇ ಶತಮಾನದಲ್ಲೇ ಜಸ್ಟಿನ್ ಎಂಬ ಕ್ರೈಸ್ತ ವಿದ್ವಾಂಸ, ತ್ರಿಫೋ ಎಂಬ ಯೆಹೂದ್ಯ ಇದೇ ಪ್ರಶ್ನೆ ಎತ್ತಿದ್ದನ್ನು ಮುಚ್ಚಿಡದೆ ಬರೆದಿಟ್ಟಿದ್ದಾನೆ.

ಮೊದಲು ಯೆಶಾಯ 7ನ್ನು ಒಂದನೇ ವಚನದಿಂದ ಓದಿ. ಕಾಲ ಕ್ರಿ.ಪೂ. 735ರ ಆಸುಪಾಸು. ಯೆಹೂದದ ಅರಸ ಆಹಾಜ. ಅವನ ಮೇಲೆ ಇಬ್ಬರು ಅರಸರು ಒಟ್ಟಿಗೆ ದಂಡೆತ್ತಿ ಬಂದಿದ್ದಾರೆ: ಅರಾಮಿನ (ಸಿರಿಯದ) ರೆಚೀನ, ಉತ್ತರದ ಇಸ್ರಾಯೇಲ್ ರಾಜ್ಯದ ಪೆಕಹ. ಆಹಾಜನನ್ನು ಇಳಿಸಿ ತಾಬೇಲನ ಮಗನನ್ನು ಕೂರಿಸಬೇಕು ಅನ್ನೋದು ಅವರ ಲೆಕ್ಕ. ಅರಸನ ಎದೆ, ಜನರ ಎದೆ ಗಾಳಿಗೆ ಸಿಕ್ಕ ಕಾಡಿನ ಮರಗಳ ಹಾಗೆ ನಡುಗಿತು ಎನ್ನುತ್ತದೆ ಎರಡನೇ ವಚನ. ಯೆಶಾಯ ಅವನನ್ನು ಭೇಟಿಯಾಗುವ ಜಾಗ ನೋಡಿ: ಮೇಲಿನ ಕೆರೆಯ ಕಾಲುವೆಯ ಕೊನೆ. ಅರಸ ಮುತ್ತಿಗೆಗೆ ಮುಂಚೆ ಊರಿನ ನೀರು ನೋಡಲು ಬಂದಿರಬೇಕು ಅಂತ ನನಗನಿಸುತ್ತದೆ. ಎರಡು ನದಿಗಳ ನಡುವಿನ ನಮ್ಮ ಸೀಮೆಗೆ ಈ ಭಯ ಹೊಸದಲ್ಲ. ವಿಜಯನಗರ ಒಂದು ಕಡೆ, ಬಿಜಾಪುರ ಒಂದು ಕಡೆ. 1520ರಲ್ಲಿ ಕೃಷ್ಣದೇವರಾಯ ಮುತ್ತಿಗೆ ಹಾಕಿದಾಗ ರಾಯಚೂರು ಕೋಟೆಯ ಒಳಗಿದ್ದವರನ್ನು ನೆನೆಸಿಕೊಂಡರೆ ಆಹಾಜನ ಕಂಗಾಲು ನಮಗೆ ಬೇಗ ತಿಳಿಯುತ್ತದೆ.

ಆ ಹೊತ್ತಿನಲ್ಲಿ ಆಹಾಜನಿಗೆ ಕೊಟ್ಟ ಗುರುತು 7:14ರ ಈ ಮಗು. 16ನೇ ವಚನ ಬಿಡದೆ ಓದಬೇಕು. ಹುಟ್ಟುವ ಮಗುವಿಗೆ ಕೆಟ್ಟದ್ದು ಒಳ್ಳೆಯದು ತಿಳಿಯುವ ಮೊದಲೇ ನೀನು ಹೆದರುವ ಆ ಇಬ್ಬರು ಅರಸರ ದೇಶ ಪಾಳುಬೀಳುತ್ತದೆ. ಹಾಗೇ ಆಯಿತು. ಆ ಕಾಲದ ದೊಡ್ಡ ಸಾಮ್ರಾಜ್ಯವಾದ ಅಶ್ಶೂರದವರ ಕೈಗೆ ಕ್ರಿ.ಪೂ. 732ರಲ್ಲಿ ಅರಾಮಿನ ರಾಜಧಾನಿ ದಮಸ್ಕ ಬಿತ್ತು, 722ರಲ್ಲಿ ಇಸ್ರಾಯೇಲಿನ ರಾಜಧಾನಿ ಸಮಾರ್ಯ. ಅಂದರೆ ಈ ಮಾತಿಗೆ ಆಹಾಜನ ಕಾಲದಲ್ಲೇ ಒಂದು ಅರ್ಥ ಇತ್ತು. ಏಳುನೂರು ವರ್ಷದ ನಂತರದ ಹೆರಿಗೆ ಮಾತ್ರ ಅದರ ಅರ್ಥವಾದರೆ ಆಹಾಜನಿಗೆ ಅದು ಗುರುತಾಗುವುದು ಹೇಗೆ? ಇದನ್ನು ಒಪ್ಪಿಕೊಂಡರೆ ನಂಬಿಕೆ ಬೀಳುವುದಿಲ್ಲ. ಒಪ್ಪದೆ ವಾದ ಮಾಡಿದರೆ ಎದುರಿಗಿರುವವರಿಗೆ ನಮ್ಮ ಮಾತಿನ ಮೇಲೆ ಭರವಸೆ ಉಳಿಯುವುದಿಲ್ಲ.

ಆ ಮಗು ಯಾರು? ತ್ರಿಫೋ ಹೇಳಿದ್ದು ಆಹಾಜನ ಮಗ ಹಿಜ್ಕೀಯ ಅಂತ. ಆದರೆ ಲೆಕ್ಕ ಕೂಡುವುದಿಲ್ಲ. ಆಹಾಜ ಆಳಿದ್ದು 16 ವರ್ಷ (2 ಅರಸುಗಳು 16:2). ಹಿಜ್ಕೀಯ ಪಟ್ಟಕ್ಕೆ ಬಂದಾಗ ಅವನಿಗೆ 25 ವರ್ಷ (18:2). ಅಪ್ಪ ಅರಸನಾಗುವ ಹೊತ್ತಿಗೇ ಮಗನಿಗೆ 9 ಆಗಿತ್ತು! ಇನ್ನು ಕೆಲವರು ಯೆಶಾಯನ ಸ್ವಂತ ಮಗ ಎನ್ನುತ್ತಾರೆ. ಆ ಮಗ 'ಅಪ್ಪಾ, ಅಮ್ಮಾ' ಅನ್ನುವ ಮೊದಲೇ ದಮಸ್ಕ, ಸಮಾರ್ಯಗಳು ಸೂರೆಯಾಗುತ್ತವೆ ಎಂಬ 8:3-4ರ ಮಾತು 7:16ಕ್ಕೆ ತೀರಾ ಹತ್ತಿರ ಇರುವುದರಿಂದ ನನಗೆ ಇದು ಜಾಸ್ತಿ ಹೊಂದುತ್ತದೆ. ಆದರೂ ಕಥೆ ಅಲ್ಲಿಗೆ ಮುಗಿಯುವುದಿಲ್ಲ. 7:13ರಲ್ಲಿ ಪ್ರವಾದಿ ಮಾತಾಡುವುದು ಇಡೀ ದಾವೀದನ ಮನೆತನದ ಜೊತೆ. 9ನೇ ಅಧ್ಯಾಯಕ್ಕೆ ಬಂದರೆ ಹುಟ್ಟಿದ ಮಗುವಿನ ಹೆಗಲ ಮೇಲೆ ಆಳ್ವಿಕೆ, ಮುಗಿಯದ ಸಮಾಧಾನ. ಇಷ್ಟು ದೊಡ್ಡ ಮಾತನ್ನು ಆಹಾಜನ ಕಾಲದ ಯಾವ ಮಗುವೂ ತುಂಬಲಿಲ್ಲ.

7:14ರಲ್ಲಿ 'ಕನ್ನಿಕೆ' ಅಂತ ನಾವು ಓದುವ ಹೀಬ್ರೂ ಪದಕ್ಕೆ 'ಯುವತಿ' ಅಂತ ಅರ್ಥ, ಕ್ರಿಸ್ತನಿಗೂ ಮೊದಲೇ ಗ್ರೀಕಿಗೆ ತಂದ ಯೆಹೂದ್ಯರು 'ಕನ್ನಿಕೆ' ಎಂಬ ಪದ ಹಾಕಿದರು. ಈ ಚರ್ಚೆ ಗೊತ್ತಿರಲಿ. ಅದರಲ್ಲೇ ಸಂಜೆಯೆಲ್ಲ ಕಳೆಯಬೇಡಿ.

ಅದಕ್ಕಿಂತ ಮುಖ್ಯ, ಮತ್ತಾಯ ಹಳೆಯ ಒಡಂಬಡಿಕೆಯನ್ನು ಓದುವ ರೀತಿ. ಎರಡನೇ ಅಧ್ಯಾಯ ನೋಡಿ. ಮಗು ಐಗುಪ್ತದಿಂದ ವಾಪಸ್ ಬರುವುದಕ್ಕೆ ಹೋಶೇಯ 11:1ನ್ನು ತರುತ್ತಾನೆ. ಹೋಶೇಯ ಅಲ್ಲಿ ಮುಂದಿನದನ್ನು ಹೇಳುತ್ತಲೇ ಇಲ್ಲ. ಇಸ್ರಾಯೇಲ್ಯರು ಐಗುಪ್ತ ಬಿಟ್ಟ ಹಳೆಯ ಸಂಗತಿ ನೆನೆಯುತ್ತಿದ್ದಾನೆ. ಬೇತ್ಲೆಹೇಮಿನ ಮಕ್ಕಳ ಕೊಲೆಗೆ ಯೆರೆಮೀಯ 31:15. ಅದು ಸೆರೆ ಹೋಗುವ ಜನಕ್ಕಾಗಿ ರಾಹೇಲಳ ಅಳು. ಮತ್ತಾಯನಿಗೆ ಇದು ಗೊತ್ತಿರಲಿಲ್ಲವಾ? ಚೆನ್ನಾಗಿ ಗೊತ್ತಿತ್ತು. ಇಸ್ರಾಯೇಲಿನ ಇಡೀ ಬದುಕು ಯೇಸುವಿನಲ್ಲಿ ಮತ್ತೆ ನಡೆದು ತುಂಬಿ ಬಂತು ಅನ್ನೋದು ಅವನ 'ನೆರವೇರಿತು'. ಇಮ್ಮಾನುವೇಲನನ್ನೂ ಹಾಗೇ ಓದಬೇಕು. ಯೇಸುವನ್ನು ಆ ಹೆಸರಿನಿಂದ ಯಾರೂ ಕರೆಯಲಿಲ್ಲವಲ್ಲ ಅಂತ ಕೇಳುವವರಿಗೆ ಮತ್ತಾಯ 28:20 ತೋರಿಸಿ. 'ದೇವರು ನಮ್ಮ ಕೂಡ' ಅಂತ ಶುರುವಾದ ಸುವಾರ್ತೆ 'ನಾನು ನಿಮ್ಮ ಸಂಗಡ ಇದ್ದೇನೆ' ಎಂಬ ಯೇಸುವಿನ ಮಾತಿನಲ್ಲಿ ಮುಗಿಯುತ್ತದೆ.

ಈಗ ಮೂಲ ಅನುಮಾನ. ಯೆಶಾಯನ ವಚನ ಇಟ್ಟುಕೊಂಡು ಮತ್ತಾಯ ಕಥೆ ಕಟ್ಟಿದನಾ? ಹಾಗಾದರೆ ಲೂಕನನ್ನು ಏನು ಮಾಡುತ್ತೀರಿ? ಲೂಕ ಆ ವಚನವನ್ನು ಎತ್ತಿ ಹೇಳುವುದೇ ಇಲ್ಲ. ಅವನಲ್ಲಿ ಜ್ಯೋತಿಷಿಗಳಿಲ್ಲ, ಐಗುಪ್ತ ಇಲ್ಲ. ಮತ್ತಾಯನಲ್ಲಿ ಕುರುಬರಿಲ್ಲ, ಗೋದಲಿ ಇಲ್ಲ. ಮರಿಯಳ ಗಂಡ ಯೋಸೇಫನ ಅಪ್ಪನ ಹೆಸರೂ ಬೇರೆ: ಒಬ್ಬನಲ್ಲಿ ಯಾಕೋಬ, ಇನ್ನೊಬ್ಬನಲ್ಲಿ ಹೇಲೀ. ಒಬ್ಬರನ್ನೊಬ್ಬರು ನೋಡಿ ಬರೆದವರ ಲಕ್ಷಣ ಇದಲ್ಲ. ಆದರೂ ಇಬ್ಬರೂ ಹೇಳುವುದು ಒಂದೇ: ಗಂಡನ ಕೂಡುವ ಮೊದಲೇ ಮರಿಯಳು ಪವಿತ್ರಾತ್ಮನಿಂದ ಬಸುರಾದಳು. ನಂಬಿಕೆ ಮೊದಲು ಇತ್ತು, ಮತ್ತಾಯ ಆಮೇಲೆ ಅದರ ಬೆಳಕಿನಲ್ಲಿ ಯೆಶಾಯನನ್ನು ಓದಿದ. ನಾನು ಒತ್ತಿ ಹೇಳುವುದು ಇದೊಂದನ್ನೇ. ಮಾರ್ಕನೂ ಪೌಲನೂ ಇದನ್ನು ಹೇಳದಿರುವುದು ನಿಜ. ಮಾರ್ಕ ಶುರು ಮಾಡುವುದೇ ದೀಕ್ಷಾಸ್ನಾನದಿಂದ. ಸುಮ್ಮನಿರುವುದು ಅಲ್ಲಗಳೆದ ಹಾಗಲ್ಲ ಅಲ್ವಾ?

ಯೋಸೇಫ ತಂದೆಯಲ್ಲ ಅಂದಮೇಲೆ ಯೇಸು ದಾವೀದನ ವಂಶದವನಾಗುವುದು ಹೇಗೆ? ಮತ್ತಾಯ 1:21 ಮತ್ತು 1:25 ನೋಡಿ. ಹೆಸರಿಟ್ಟವನು ಯೋಸೇಫ. ಹೆಸರಿಟ್ಟು ತನ್ನ ಮಗ ಅಂತ ಒಪ್ಪಿಕೊಂಡ. ಕಾನೂನಿನ ಲೆಕ್ಕದಲ್ಲಿ ವಂಶ ಅಲ್ಲಿಂದ ಬರುತ್ತದೆ.

ನಮ್ಮೂರಿನಲ್ಲಿ ಮುಸ್ಲಿಂ ಗೆಳೆಯರ ಜೊತೆ ಈ ಮಾತು ಬಂದರೆ ಕನ್ನಿಕೆ ಹೆತ್ತಳು ಎಂಬಲ್ಲಿ ಅವರು ತಕರಾರು ಮಾಡುವುದಿಲ್ಲ. ಕುರಾನಿನ 19ನೇ ಅಧ್ಯಾಯದ ಹೆಸರೇ ಮರ್ಯಮ್. ಅವರ ಪ್ರಶ್ನೆ 'ದೇವರ ಮಗ' ಎಂಬ ಮಾತಿನ ಬಗ್ಗೆ. ಅದಕ್ಕೆ ಬೇರೆ ಪಾಠ ಬೇಕು.

ಈ ಸಲ ಕ್ರಿಸ್ಮಸ್ ಆರಾಧನೆಯಲ್ಲಿ ಪಾಠ ಓದುವವರಲ್ಲಿ ನನ್ನದೊಂದು ಕೋರಿಕೆ. 7:14 ಒಂದನ್ನೇ ಓದಿ ಕೂರಬೇಡಿ. ಒಂದರಿಂದ ಹದಿನಾರರವರೆಗೆ ಓದಿ. ರೆಚೀನ, ಪೆಕಹ, ಕಾಲುವೆ ಎಲ್ಲವೂ ಸಭೆಯ ಕಿವಿಗೆ ಬೀಳಲಿ.