ವೆಲಾಸ್ಕೆಸ್: ಅಮ್ಮನ ಕಡೆಯಿಂದ ಬಂದ ಹೆಸರು

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಸ್ಪೇನ್ ಇತಿಹಾಸ ಓದುವಾಗ ಇಬ್ಬರು ಡಿಯೆಗೊ ವೆಲಾಸ್ಕೆಸ್ ಎದುರಾಗುತ್ತಾರೆ. ಒಬ್ಬ ಕ್ಯೂಬಾ ಗೆದ್ದವನು, ಇನ್ನೊಬ್ಬ ಚಿತ್ರಕಾರ. ನಡುವೆ ಹೆಚ್ಚುಕಡಿಮೆ ನೂರು ವರ್ಷದ ಅಂತರ. ಮೊದಲ ಸಲ ಓದಿದಾಗ ನಾನು ಇಬ್ಬರನ್ನೂ ಒಬ್ಬನೇ ಮಾಡಿಬಿಟ್ಟಿದ್ದೆ!

ಹೆಸರಿನ ಕೊನೆಯ ‘ಎಸ್’ ಅಂದರೆ ‘ಇಂಥವನ ಮಗ’. ವೆಲಾಸ್ಕೊ ಮಗ ವೆಲಾಸ್ಕೆಸ್, ರೊಡ್ರಿಗೊ ಮಗ ರೊಡ್ರಿಗೆಸ್. ಊರೂರಲ್ಲೂ ವೆಲಾಸ್ಕೊಗಳಿದ್ದರು. ಹಾಗಾಗಿ ಈ ಹೆಸರಿನವರೆಲ್ಲ ನೆಂಟರು ಅಂದುಕೊಳ್ಳಬೇಡಿ.

ಮೊದಲನೆಯವನು ಡಿಯೆಗೊ ವೆಲಾಸ್ಕೆಸ್ ದೆ ಕ್ವೆಯಾರ್. ಕ್ವೆಯಾರ್ ಅವನ ಊರು. 1511ರಲ್ಲಿ ಕ್ಯೂಬಾಕ್ಕೆ ದಂಡೆತ್ತಿ ಹೋಗಿ ಅಲ್ಲಿನ ಗವರ್ನರ್ ಆದ. ಮುಂದೆ ಮೆಕ್ಸಿಕೊ ಗೆದ್ದ ಕೊರ್ತೆಸ್‌ನನ್ನು ಆ ದಂಡಯಾತ್ರೆಗೆ ಆರಿಸಿದವನೂ ಇವನೇ. ಆಮೇಲೆ ಅನುಮಾನ ಬಂದು ತಡೆಯಲು ನೋಡಿದ, ಅಷ್ಟರಲ್ಲಿ ಕೊರ್ತೆಸ್ ಹಡಗು ಬಿಟ್ಟಾಗಿತ್ತು. 1520ರಲ್ಲಿ ಅವನನ್ನು ಹಿಡಿದು ತರಲು ನಾರ್ವಾಯೆಸ್ ಎಂಬವನ ಜೊತೆ ಸೈನ್ಯ ಕಳಿಸಿದ. ಆ ಸೈನಿಕರೇ ಕೊರ್ತೆಸ್ ಕಡೆ ಸೇರಿಕೊಂಡರು.

ಈಗ ಚಿತ್ರಕಾರ. 1599ರಲ್ಲಿ ಸೆವಿಯಾದಲ್ಲಿ ಹುಟ್ಟಿದ. ಅಪ್ಪ ಹ್ವಾನ್ ರೊಡ್ರಿಗೆಸ್ ದೆ ಸಿಲ್ವಾ, ಪೋರ್ಚುಗೀಸ್ ಮೂಲದವನು. ಅಮ್ಮ ಹೆರೊನಿಮಾ ವೆಲಾಸ್ಕೆಸ್. ಅಂದರೆ ಜಗತ್ತು ಇವನನ್ನು ಕರೆಯುವುದು ಅಮ್ಮನ ಮನೆತನದ ಹೆಸರಿನಿಂದ! ಸೆವಿಯಾ ಇರುವ ದಕ್ಷಿಣ ಸ್ಪೇನ್‌ನ ಆಂದಲೂಸಿಯಾದಲ್ಲಿ ಆಗ ಇದು ವಿಚಿತ್ರವೇನಲ್ಲ, ಮಕ್ಕಳು ಅಮ್ಮನ ಹೆಸರನ್ನೂ ಇಟ್ಟುಕೊಳ್ಳುತ್ತಿದ್ದರು.

ಆದರೆ ಇದೇ ವಂಶದ ವಿಷಯ ಕೊನೆಗಾಲದಲ್ಲಿ ಅವನನ್ನು ಕಾಡಿತು. ಸ್ಯಾಂಟಿಯಾಗೊ ಪಂಥ ಅನ್ನೋ ಕುಲೀನ ಯೋಧರ ಕ್ರೈಸ್ತ ಸಂಘದಲ್ಲಿ ನೈಟ್ ಆಗಬೇಕು ಅಂತ ಅವನಿಗೆ ಆಸೆ. ಅದಕ್ಕೆ ಎರಡೂ ಕಡೆಯ ಅಜ್ಜ ಅಜ್ಜಿ ಕುಲೀನರು ಅಂತ ತೋರಿಸಬೇಕು. ಯಹೂದಿ ಅಥವಾ ಮುಸ್ಲಿಂ ರಕ್ತ ಇರಬಾರದು. ದುಡ್ಡಿಗಾಗಿ ಕೈಕೆಲಸ ಮಾಡಿರಬಾರದು. ಅಲ್ಲ, ಚಿತ್ರ ಬರೆಯುವವನು ಇದನ್ನು ಹೇಗೆ ಸಾಬೀತು ಮಾಡೋದು? ನೂರಕ್ಕೂ ಹೆಚ್ಚು ಜನರ ಸಾಕ್ಷಿ ಕೇಳಿದರು. ಆದರೂ ಕುಲೀನತೆ ಸಾಬೀತಾಗಲಿಲ್ಲ. ಕೊನೆಗೆ ಪೋಪರಿಂದ ವಿನಾಯಿತಿ ತರಿಸಿ, ರಾಜ ನಾಲ್ಕನೇ ಫಿಲಿಪ್ 1659ರಲ್ಲಿ ಆ ಗೌರವ ಕೊಟ್ಟ.

ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿರುವ ಅವನ ಚಿತ್ರ ‘ಲಾಸ್ ಮೆನಿನಾಸ್’ ನೋಡಿ. ಪುಟ್ಟ ರಾಜಕುಮಾರಿ ಮಾರ್ಗರಿತಾ ನಡುವೆ ನಿಂತಿದ್ದಾಳೆ, ಎಡಗಡೆ ಕುಂಚ ಹಿಡಿದು ವೆಲಾಸ್ಕೆಸ್. ಅವನ ಎದೆಯ ಮೇಲೆ ಪಂಥದ ಕೆಂಪು ಶಿಲುಬೆ. ಚಿತ್ರ 1656ರದ್ದು, ಗೌರವ ಸಿಕ್ಕಿದ್ದು 1659ರಲ್ಲಿ! ಶಿಲುಬೆಯನ್ನು ಆಮೇಲೆ ಸೇರಿಸಲಾಗಿದೆ. ಆ ಶಿಲುಬೆಯನ್ನು ರಾಜನೇ ಬರೆದ ಅನ್ನೋದು ಬರೀ ಕಥೆ. ಗೌರವ ಸಿಕ್ಕ ಮರುವರ್ಷವೇ ವೆಲಾಸ್ಕೆಸ್ ತೀರಿಕೊಂಡ. ಇನ್ನೊಂದು ತಮಾಷೆ: ರಾಜಕುಮಾರಿಯ ಸಖಿ ಅನ್ನೋ ಅರ್ಥದಲ್ಲಿ ಬಳಸಿದ ‘ಮೆನಿನಾ’ ಪೋರ್ಚುಗೀಸ್ ಪದ, ಅವನ ಅಪ್ಪನ ಕಡೆಯ ಭಾಷೆ.

ಮೆಕ್ಸಿಕೊದ ಕೊನ್ಸುಯೆಲೊ ವೆಲಾಸ್ಕೆಸ್ ಅವರನ್ನೂ ಗುರುತು ಹಾಕಿಕೊಳ್ಳಿ. ‘ಬೆಸಾಮೆ ಮೂಚೊ’ ಹಾಡು ಕಟ್ಟಿದವರು. ಅರ್ಥ ‘ನನಗೆ ತುಂಬಾ ಮುತ್ತು ಕೊಡು’. ಬರೆದಾಗ ತನಗೆ ಮುತ್ತಿನ ಅನುಭವವೇ ಇರಲಿಲ್ಲ ಅಂತ ಆಕೆ ಆಮೇಲೆ ಹೇಳಿಕೊಂಡರು. ಪೂರ್ತಿ ಹೆಸರು ಕೊನ್ಸುಯೆಲೊ ವೆಲಾಸ್ಕೆಸ್ ತೊರ್ರೆಸ್. ಈಗಿನ ಪದ್ಧತಿಯಲ್ಲಿ ಅಪ್ಪನ ಹೆಸರು ಮೊದಲು, ಅಮ್ಮನದು ಆಮೇಲೆ. ಹಾಗಾಗಿ ಈಕೆಗೆ ವೆಲಾಸ್ಕೆಸ್ ಬಂದದ್ದು ಅಪ್ಪನಿಂದ.