ನಾಲ್ಕು ಲಾಡಿನ ಲೆಕ್ಕ: 2008ರಲ್ಲಿ ಒಬಾಮ ಟಿಕೆಟ್ ಗೆದ್ದದ್ದು ಹೇಗೆ

ನಾನು ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಅಮೆರಿಕದಲ್ಲಿ ಚುನಾವಣೆ ಬಂದಾಗಲೆಲ್ಲ ತರಗತಿಯಲ್ಲಿ ಒಂದೇ ಪ್ರಶ್ನೆ ಏಳುತ್ತದೆ. "ಮೇಡಂ, ಒಂದೇ ಪಕ್ಷದವರು ಹೀಗೆ ಬಹಿರಂಗವಾಗಿ ಕಿತ್ತಾಡ್ತಾರಲ್ಲ, ಹೈಕಮಾಂಡ್ ಏನೂ ಅನ್ನಲ್ವಾ?"

ಈ ಅನುಮಾನ ಸಹಜವೇ. ನಮ್ಮಲ್ಲಿ ಟಿಕೆಟ್ ಆಕಾಂಕ್ಷಿಗಳು ಬೆಂಗಳೂರು, ದೆಹಲಿ ಅಂತ ಓಡಾಡುತ್ತಾರೆ. ಕೊನೆಗೆ ಬಿ ಫಾರಂ ಯಾರ ಕೈಗೆ ಸಿಗುತ್ತದೋ ಅವರೇ ಅಭ್ಯರ್ಥಿ. ಅಮೆರಿಕದಲ್ಲಿ ಆ ತೀರ್ಮಾನ ಮಾಡುವವರು ಒಂದೊಂದು ರಾಜ್ಯದ ಮತದಾರರು. ಮೊದಲಿನಿಂದಲೂ ಹಾಗಿರಲಿಲ್ಲ. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಪ್ರೈಮರಿಗಳಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸಲು ರಾಜ್ಯಗಳಲ್ಲಿ ನಡೆಯುವ ಮತದಾನದಲ್ಲಿ, ಸ್ಪರ್ಧಿಸದೆಯೇ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾದರು. ಅಭ್ಯರ್ಥಿಯನ್ನು ಅಧಿಕೃತವಾಗಿ ಆರಿಸುವ ಶಿಕಾಗೊ ಸಮಾವೇಶದ ಹೊರಗೆ ಬೀದಿ ರಣರಂಗವಾಯಿತು. ಆ ಪೆಟ್ಟು ತಿಂದ ಮೇಲೆ ಪಕ್ಷ ತನ್ನ ನಿಯಮ ಬದಲಿಸಿತು.

ಈ ವಿಷಯ ಕಲಿಸಲು ನಾನು ಪ್ರತಿ ಸಲ ಆರಿಸಿಕೊಳ್ಳುವುದು 2008ರ ಕಥೆ. ಅಮೆರಿಕದ ಅಧ್ಯಕ್ಷ ಹುದ್ದೆಗೆ ಡೆಮಾಕ್ರಟಿಕ್ ಪಕ್ಷದ ಟಿಕೆಟ್‌ಗಾಗಿ ಸೆಣಸಿದವರು ಹಿಲರಿ ಕ್ಲಿಂಟನ್ ಮತ್ತು ಬರಾಕ್ ಒಬಾಮ. ಇಬ್ಬರಿಗೂ ತಲಾ 1.7 ಕೋಟಿಗೂ ಹೆಚ್ಚು ಮತ ಬಂದವು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ಒಹಾಯೊ, ಪೆನ್ಸಿಲ್ವೇನಿಯಾದಂಥ ದೊಡ್ಡ ರಾಜ್ಯಗಳನ್ನು ಹಿಲರಿ ಗೆದ್ದರು. ಆದರೂ ಟಿಕೆಟ್ ಒಬಾಮ ಪಾಲಾಯಿತು.

ಯಾಕೆ? ಇದಕ್ಕೆ ಉತ್ತರ ಹೇಳಲು ನಾನು ತರಗತಿಗೆ ಲಾಡು ತೆಗೆದುಕೊಂಡು ಹೋಗುತ್ತೇನೆ.

ಪ್ರೈಮರಿಯಲ್ಲಿ ಗೆಲ್ಲಬೇಕಾದದ್ದು ಡೆಲಿಗೇಟ್‌ಗಳನ್ನು, ಅಂದರೆ ಸಮಾವೇಶಕ್ಕೆ ಹೋಗಿ ನಿಮ್ಮ ಪರ ಕೈ ಎತ್ತುವ ಪ್ರತಿನಿಧಿಗಳನ್ನು. ಡೆಮಾಕ್ರಟಿಕ್ ಪಕ್ಷದಲ್ಲಿ ಗೆದ್ದವರಿಗೇ ಎಲ್ಲವೂ ಸಿಗುವುದಿಲ್ಲ. ಶೇ 15 ದಾಟಿದವರೆಲ್ಲ ಮತಕ್ಕೆ ತಕ್ಕಂತೆ ಹಂಚಿಕೊಳ್ಳಬೇಕು. ಈಗ ಒಂದು ಕ್ಷೇತ್ರಕ್ಕೆ ನಾಲ್ಕು ಡೆಲಿಗೇಟ್ ಅಂದುಕೊಳ್ಳಿ. ಮೇಜಿನ ಮೇಲೆ ನಾಲ್ಕು ಲಾಡು. ಒಬ್ಬರಿಗೆ ಶೇ 60 ಮತ, ಇನ್ನೊಬ್ಬರಿಗೆ ಶೇ 40. ಲೆಕ್ಕ ಹಾಕಿದರೆ 2.4 ಮತ್ತು 1.6. ಲಾಡನ್ನು ಮುರಿಯುವಂತಿಲ್ಲ. ಹಾಗಾಗಿ ಎರಡು, ಎರಡು. ಇಪ್ಪತ್ತು ಪಾಯಿಂಟ್ ಮುಂದಿದ್ದವರಿಗೂ ಒಂದೇ ಒಂದು ಲಾಡು ಜಾಸ್ತಿ ಸಿಗಲಿಲ್ಲ! ಮೂರನೆಯದು ಬೇಕಾದರೆ ಶೇ 62.5 ದಾಟಬೇಕು. ಅದೇ ಮೂರು ಲಾಡಿನ ಕ್ಷೇತ್ರವಾದರೆ ಶೇ 51 ಸಾಕು, ಎರಡು ನಿಮ್ಮದು. ಇಷ್ಟು ಹೇಳುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗರು ಕೂಡ ಪೆನ್ನು ಹಿಡಿದು ಲೆಕ್ಕ ಶುರು ಮಾಡಿರುತ್ತಾರೆ. ಯಾವ ಕ್ಷೇತ್ರದಲ್ಲಿ ಬೆವರು ಸುರಿಸಿದರೆ ಲಾಭ, ಎಲ್ಲಿ ಸುಮ್ನೆ ಖರ್ಚು ಅನ್ನೋದು ಅವರಿಗೆ ತಾನಾಗಿಯೇ ಹೊಳೆಯುತ್ತದೆ.

ಒಬಾಮ ತಂಡ ಮಾಡಿದ್ದು ಇದನ್ನೇ. ಹಲವು ರಾಜ್ಯಗಳು ಒಂದೇ ದಿನ ಮತ ಹಾಕುವ ಸೂಪರ್ ಟ್ಯೂಸ್‌ಡೇ, ಅಂದರೆ ಫೆಬ್ರವರಿ 5ರ ದಿನವನ್ನೇ ನೋಡಿ. ನ್ಯೂಜೆರ್ಸಿಯಲ್ಲಿ ಹಿಲರಿ ಒಂದು ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಡೆಲಿಗೇಟ್ ಹಂಚಿಕೆ 59 ಮತ್ತು 48. ಅಂದರೆ ಹನ್ನೊಂದರ ಲಾಭ. ಅದೇ ದಿನ ಐಡಾಹೊ ಎಂಬ ಪುಟ್ಟ ರಾಜ್ಯದಲ್ಲಿ ಕಾಕಸ್ ಇತ್ತು. ಕಾಕಸ್ ಎಂದರೆ ಪಕ್ಷದವರು ಒಂದು ಕಡೆ ಸೇರಿ, ತಾಸುಗಟ್ಟಲೆ ಕೂತು, ತಮ್ಮ ಬೆಂಬಲ ಯಾರಿಗೆ ಎಂದು ತೋರಿಸುವ ಸಭೆ. ಇಡೀ ರಾಜ್ಯದಲ್ಲಿ ಬಂದವರು ಸುಮಾರು 21 ಸಾವಿರ ಜನ. ನಮ್ಮ ಒಂದು ದೊಡ್ಡ ಜಾತ್ರೆಗೂ ಅದಕ್ಕಿಂತ ಜಾಸ್ತಿ ಜನ ಸೇರುತ್ತಾರೆ. ಅಲ್ಲಿ ಒಬಾಮಗೆ 15, ಹಿಲರಿಗೆ 3. ಲಾಭ ಹನ್ನೆರಡು! ಲಕ್ಷ ಮತಗಳ ಗೆಲುವನ್ನು ಕೆಲವೇ ಸಾವಿರ ಜನ ಒಂದೇ ಸಂಜೆಯಲ್ಲಿ ಅಳಿಸಿಹಾಕಿದರು. ಟೆಕ್ಸಸ್‌ನಲ್ಲೂ ಹೀಗೇ ಆಯಿತು. ಪ್ರೈಮರಿ ಹಿಲರಿ ಗೆದ್ದರು, ಕಾಕಸ್ ಒಬಾಮ ಗೆದ್ದರು, ಒಟ್ಟು ಡೆಲಿಗೇಟ್ ಒಬಾಮಗೇ ಜಾಸ್ತಿ.

ಇದು ನ್ಯಾಯವೇ ಅಂತ ವಿದ್ಯಾರ್ಥಿಗಳು ಕೇಳುತ್ತಾರೆ. ಕಾಕಸ್ ಬಗ್ಗೆ ನನಗೆ ಮೊದಲಿನಿಂದಲೂ ಬೇಸರವಿದೆ. ಪಾಳಿ ಕೆಲಸ ಮಾಡುವ ನರ್ಸ್, ಕೈಗೂಸು ಇರುವ ತಾಯಿ, ನಡೆಯಲಾಗದ ವೃದ್ಧರು ಅಂಥ ಸಭೆಗೆ ಹೋಗುವುದು ಹೇಗೆ? ಆದರೆ ನಿಯಮ ಇಬ್ಬರಿಗೂ ಒಂದೇ ಆಗಿತ್ತು, ಮೊದಲೇ ಗೊತ್ತೂ ಇತ್ತು. ಹಿಲರಿ ತಂಡ ದೊಡ್ಡ ರಾಜ್ಯಗಳನ್ನು ನಂಬಿಕೊಂಡಿತು. ಸಣ್ಣ ಕಾಕಸ್ ರಾಜ್ಯಗಳಲ್ಲಿ ಕಾರ್ಯಕರ್ತರನ್ನು ಕಟ್ಟಲಿಲ್ಲ. ನನ್ನ ಪ್ರಕಾರ ಅವರು ಸೋತದ್ದು ಅಲ್ಲೇ.

ನಿಯಮದ ಜಗಳ ಅಷ್ಟಕ್ಕೇ ಮುಗಿಯಲಿಲ್ಲ. ಫ್ಲೋರಿಡಾ ಮತ್ತು ಮಿಷಿಗನ್ ರಾಜ್ಯಗಳು ಪಕ್ಷದ ಮಾತು ಮೀರಿ ಪ್ರೈಮರಿಯನ್ನು ಜನವರಿಗೇ ತಂದುಕೊಂಡಿದ್ದವು. ಶಿಕ್ಷೆಯಾಗಿ ಪಕ್ಷ ಅವುಗಳ ಡೆಲಿಗೇಟ್‌ಗಳನ್ನು ಕಿತ್ತುಕೊಂಡಿತ್ತು. ಮಿಷಿಗನ್ ಮತಪತ್ರದಲ್ಲಿ ಒಬಾಮ ಹೆಸರೇ ಇರಲಿಲ್ಲ. ಎರಡೂ ಕಡೆ ಹೆಚ್ಚು ಮತ ಪಡೆದ ಹಿಲರಿ, ಆ ಮತಗಳನ್ನು ಎಣಿಸಲೇಬೇಕು ಎಂದು ಹಟ ಹಿಡಿದರು. ಮೇ 31ರಂದು ಪಕ್ಷದ ನಿಯಮ ಸಮಿತಿ ಒಂದು ದಾರಿ ಹುಡುಕಿತು: ಎಲ್ಲ ಡೆಲಿಗೇಟ್‌ಗಳೂ ಬರಲಿ, ಆದರೆ ತಲಾ ಅರ್ಧ ಮತ. ಹಿಲರಿ ಬೆಂಬಲಿಗರಿಗೆ ಸಿಟ್ಟು ತಡೆಯಲಾಗಲಿಲ್ಲ. ನನಗೆ ಮಾತ್ರ ಸಮಿತಿ ಮಾಡಿದ್ದು ಸರಿ ಅನ್ನಿಸುತ್ತದೆ. ಆಟದ ನಡುವೆ ನಿಯಮ ಪೂರ್ತಿ ಬದಲಿಸುವಂತಿಲ್ಲ. ಹಾಗಂತ ಸರತಿಯಲ್ಲಿ ನಿಂತು ಮತ ಹಾಕಿದ ಲಕ್ಷಾಂತರ ಜನರನ್ನು ಇಲ್ಲವೆನ್ನುವಂತೆಯೂ ಇಲ್ಲ.

ಇಷ್ಟಾದರೂ ಮತದಾರರು ಆರಿಸಿದ ಡೆಲಿಗೇಟ್‌ಗಳಿಂದಲೇ ಇಬ್ಬರಿಗೂ ಬಹುಮತ ಬರಲಿಲ್ಲ. ಉಳಿದವರು ಸೂಪರ್ ಡೆಲಿಗೇಟ್‌ಗಳು. ಸಂಸದರು, ಗವರ್ನರ್‌ಗಳು, ಪಕ್ಷದ ಹಿರಿಯರು ಸೇರಿ ಸುಮಾರು 800 ಮಂದಿ. ಅವರು ಯಾರನ್ನು ಬೇಕಾದರೂ ಬೆಂಬಲಿಸಬಹುದಿತ್ತು. ಹೈಕಮಾಂಡ್ ಎಲ್ಲಿ ಎಂದು ಕೇಳುವ ಮಕ್ಕಳಿಗೆ ನಾನು ತೋರಿಸುವುದು ಇವರನ್ನೇ. ಆರಂಭದಲ್ಲಿ ಇವರಲ್ಲಿ ಹೆಚ್ಚಿನವರು ಹಿಲರಿ ಕಡೆಗಿದ್ದರು. ಮೇ ತಿಂಗಳಲ್ಲಿ ಒಬ್ಬೊಬ್ಬರಾಗಿ ಒಬಾಮ ಕಡೆ ವಾಲಿದರು. ಜನ ಆರಿಸಿದ ಡೆಲಿಗೇಟ್‌ಗಳಲ್ಲಿ ಮುಂದಿದ್ದವರನ್ನು ಮೇಲಿನವರು ಕೂತು ಸೋಲಿಸಿದರೆ ಪಕ್ಷ ಒಡೆಯುತ್ತದೆ ಎಂಬ ಭಯ ಅವರಲ್ಲಿ ಹಲವರಿಗಿತ್ತು. ಜೂನ್ 3ರಂದು ಒಬಾಮ ಬಹುಮತದ ಗೆರೆ ದಾಟಿದರು. ನಾಲ್ಕು ದಿನದ ನಂತರ ಹಿಲರಿ ಹಿಂದೆ ಸರಿದು, ಒಬಾಮಗೆ ಬೆಂಬಲ ಘೋಷಿಸಿದರು.

ಆ ತಿಂಗಳ ಕೊನೆಗೆ ಇಬ್ಬರೂ ಒಂದೇ ವೇದಿಕೆ ಹತ್ತಿದರು. ಅದು ನ್ಯೂ ಹ್ಯಾಂಪ್‌ಶೈರ್‌ನ ಒಂದು ಸಣ್ಣ ಊರು. ಹೆಸರು ಯೂನಿಟಿ, ಅಂದರೆ ಒಗ್ಗಟ್ಟು. ಜನವರಿಯ ಪ್ರೈಮರಿಯಲ್ಲಿ ಆ ಊರಿನವರು ಇಬ್ಬರಿಗೂ ಸಮ ಸಮ ಮತ ಹಾಕಿದ್ದರು: 107, 107.

ಆಗಸ್ಟ್ 27ರಂದು ಡೆನ್ವರ್ ಸಮಾವೇಶದಲ್ಲಿ ಒಂದೊಂದೇ ರಾಜ್ಯದ ಹೆಸರು ಕೂಗಿ, ಅದರ ಡೆಲಿಗೇಟ್‌ಗಳ ಮತ ಕೇಳುತ್ತಿದ್ದರು. ನ್ಯೂ ಮೆಕ್ಸಿಕೊ ತನ್ನ ಸರದಿಯನ್ನು ಒಬಾಮ ಅವರ ರಾಜ್ಯವಾದ ಇಲಿನಾಯ್‌ಗೆ ಬಿಟ್ಟುಕೊಟ್ಟಿತು. ಇಲಿನಾಯ್ ಅದನ್ನು ಹಿಲರಿ ಅವರ ನ್ಯೂಯಾರ್ಕ್‌ಗೆ ಕೊಟ್ಟಿತು. ಆಗ ಹಿಲರಿ ಮೈಕ್ ಮುಂದೆ ಬಂದರು. ಎಣಿಕೆ ಇಲ್ಲಿಗೇ ನಿಲ್ಲಲಿ, ಒಬಾಮ ಅವರನ್ನು ಎಲ್ಲರೂ ಒಕ್ಕೊರಲಿನಿಂದ ಆರಿಸೋಣ ಎಂದು ತಾವೇ ಸೂಚನೆ ಮಂಡಿಸಿದರು.